ಆಕ್ಟಿವ್ ಡಿ-ಲೈಟಿಂಗ್ ಆನ್ ಇಡಬೇಕಾ?

ಮುಂಬೈಯ ಮಾಟುಂಗಾದಲ್ಲಿ ಯಾವ ಕಾರ್ಯಕ್ರಮಕ್ಕೆ ಕ್ಯಾಮೆರಾ ಹಿಡಿದು ಹೋದರೂ ಒಬ್ಬರಾದರೂ ಕೇಳುತ್ತಾರೆ: "ಮಾರಾಯ್ರೇ, ಬಿಸಿಲು ನೆರಳು ಎರಡೂ ಕಾಣಬೇಕಾದರೆ ಕ್ಯಾಮೆರಾದ ಡಿ-ಲೈಟಿಂಗ್ ಆನ್ ಇಡಬೇಕಾ? ಅಲ್ಲ, ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡಿಕೊಂಡರೆ ಸಾಕಾ?"

ಡಿ-ಲೈಟಿಂಗ್ ಅಂದರೆ ಬಿಸಿಲು ನೆರಳು ಎರಡನ್ನೂ ಸರಿದೂಗಿಸುವ ನಿಕಾನ್ ಕ್ಯಾಮೆರಾದ ಸೆಟ್ಟಿಂಗ್. ಜೆಪೆಗ್ (ಕ್ಯಾಮೆರಾವೇ ಸಿದ್ಧ ಮಾಡಿ ಕೊಡುವ ಫೋಟೊ) ತೆಗೆಯುವವರು ಆನ್ ಇಡಿ. ರಾ ಫೈಲ್ (ಸೆನ್ಸರ್ ಹಿಡಿದ ಬೆಳಕನ್ನು ಹಾಗೇ ಉಳಿಸಿ, ಆಮೇಲೆ ಎಡಿಟ್ ಮಾಡುವ ಫೈಲ್) ತೆಗೆಯುವವರು ಆಫ್ ಮಾಡಿ.

ಇದು ನಾನು ಕೆಟ್ಟು ಕಲಿತ ಪಾಠ. ಊರಿಂದ ಬಂದ ಚಿಕ್ಕಮ್ಮನನ್ನು ಒಮ್ಮೆ ಎಲಿಫೆಂಟಾಕ್ಕೆ ಕರೆದುಕೊಂಡು ಹೋಗಿದ್ದೆ. ಗೇಟ್‌ವೇಯಿಂದ ಬೋಟಿನಲ್ಲಿ ಸುಮಾರು ಒಂದು ಗಂಟೆ. ಗುಹೆಯೊಳಗೆ ಮಬ್ಬು, ಕಂಬಗಳ ಆಚೆ ಕಣ್ಣು ಕುಕ್ಕುವ ಬಿಸಿಲು. ಡಿ-ಲೈಟಿಂಗನ್ನು 'ಹೈ'ಗೆ ಇಟ್ಟು ಬರೀ ರಾ ತೆಗೆದೆ. ಕಂಬಕ್ಕೆ ಒರಗಿ ನಿಂತ ಚಿಕ್ಕಮ್ಮನ ಮುಖ ಕ್ಯಾಮೆರಾದ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಮನೆಗೆ ಬಂದು ಫೋಟೊ ಎಡಿಟ್ ಮಾಡುವ ಲೈಟ್‌ರೂಮಿನಲ್ಲಿ ತೆರೆದರೆ ಎಲ್ಲ ಕಪ್ಪು ಕಪ್ಪು. ಕ್ಯಾಮೆರಾ ಕೆಟ್ಟಿತು ಅಂದುಕೊಂಡೆ.

ಕೆಟ್ಟಿರಲಿಲ್ಲ. ಡಿ-ಲೈಟಿಂಗ್ ಎರಡು ಕೆಲಸ ಮಾಡುತ್ತದೆ. ಬಿಸಿಲಿನ ಭಾಗ ಬೆಳ್ಳಗೆ ಸುಟ್ಟುಹೋಗದಂತೆ ಮೊದಲು ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕು) ಸ್ವಲ್ಪ ಇಳಿಸುತ್ತದೆ. ಆಮೇಲೆ ಜೆಪೆಗ್ ಮಾಡುವಾಗ ನೆರಳನ್ನು ಎತ್ತುತ್ತದೆ, ಅಂದರೆ ಬೆಳಗಿಸುತ್ತದೆ. ಇಳಿಸಿದ್ದು ರಾ ಫೈಲಿನಲ್ಲೂ ಉಳಿಯುತ್ತದೆ. ಎತ್ತಿದ್ದನ್ನು ಲೈಟ್‌ರೂಮ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಪರದೆಯಲ್ಲಿ ನಾನು ನೋಡಿದ್ದು ಕ್ಯಾಮೆರಾ ತಾನೇ ಮಾಡಿಕೊಂಡ ಜೆಪೆಗ್! ಎತ್ತಿದ್ದನ್ನೂ ಲೆಕ್ಕಕ್ಕೆ ಹಿಡಿಯುವ ನಿಕಾನ್‌ನದೇ ಎನ್‌ಎಕ್ಸ್ ಸ್ಟುಡಿಯೋ ಸಾಫ್ಟ್‌ವೇರಿನಲ್ಲಿ ತೆರೆದಿದ್ದರೆ ಹೀಗೆ ಗಾಬರಿಯಾಗುತ್ತಿರಲಿಲ್ಲ. ಕೊನೆಗೆ ನೆರಳನ್ನು ನಾನೇ ಎತ್ತಿದೆ. ಚಿಕ್ಕಮ್ಮನ ಮುಖದ ಮೇಲೆ ರವೆ ಚೆಲ್ಲಿದ ಹಾಗೆ ನಾಯ್ಸ್. ಅವರಿಗೆ ಆ ಫೋಟೊ ಇನ್ನೂ ಕೊಟ್ಟಿಲ್ಲ.

ಫ್ಯೂಜಿ ಕ್ಯಾಮೆರಾದಲ್ಲಿ ಇಂಥದೇ ಸೆಟ್ಟಿಂಗ್ ಆದ ಡಿಆರ್ 400 ಕೂಡ ಇದೇ ಆಟ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮೂಲ ಮಟ್ಟದಿಂದ ನಾಲ್ಕು ಪಟ್ಟು ಏರಿಸದೆ ಅದು ಸಿಗುವುದೇ ಇಲ್ಲ. ಸೋನಿಯಲ್ಲಿ ಇದೇ ಕೆಲಸದ ಡಿಆರ್‌ಒ ಮಾತ್ರ ರಾ ಫೈಲಿನ ತಂಟೆಗೆ ಹೋಗುವುದಿಲ್ಲ.

ಈ ಯಾವ ಸೆಟ್ಟಿಂಗಿನಿಂದಲೂ ಸೆನ್ಸರಿನ ತಾಕತ್ತೇನೂ ಜಾಸ್ತಿ ಆಗುವುದಿಲ್ಲ. 14 ಬಿಟ್ ರಾದಲ್ಲಿ ಕಪ್ಪಿನಿಂದ ಬಿಳಿಗೆ 16,384 ಮೆಟ್ಟಿಲು, ಜೆಪೆಗ್‌ನಲ್ಲಿ 256. ಎಡಿಟ್ ಮಾಡಲು ಜಾಗ ಎಲ್ಲಿದೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ಹಾಗಂತ ಪೂರ್ತಿ ಬೆಳ್ಳಗಾದ ಆಕಾಶ ರಾದಲ್ಲೂ ವಾಪಸ್ ಬರುವುದಿಲ್ಲ. ಅದನ್ನು ಕ್ಲಿಕ್ಕಿಸುವಾಗಲೇ ನೋಡಿಕೊಳ್ಳಬೇಕು.

ಮದುವೆಮನೆಯ ಕಥೆ ಬೇರೆ. ಧಾರೆ ಮುಗಿಯುವ ಮೊದಲೇ "ಫೋಟೊ ವಾಟ್ಸಾಪ್ ಮಾಡಿ" ಅನ್ನುತ್ತಾರೆ. ಅಲ್ಲಿ ನಾನೂ ಜೆಪೆಗ್, ಡಿ-ಲೈಟಿಂಗ್ 'ಲೋ'.

ಯಕ್ಷಗಾನಕ್ಕೆ ಮಾತ್ರ ಜೆಪೆಗ್‌ನವರೂ ಆಫ್ ಮಾಡಿ. ವೇಷದ ಹಿಂದಿನ ಕಪ್ಪು ಪರದೆ ಕಪ್ಪಾಗಿಯೇ ಇರಬೇಕು. ಡಿ-ಲೈಟಿಂಗ್ ಅದನ್ನೂ ನೆರಳು ಅಂದುಕೊಂಡು ಎತ್ತಿ ಬೂದಿ ಬಣ್ಣ ಮಾಡಿಬಿಡುತ್ತದೆ.