ಮಾಸ್ಕ್ ಕೊಡುವ ಮೇಜು ಎಲ್ಲಿರಬೇಕು?

ಶ್ವಾಸಕೋಶ ರೋಗಗಳ ಹೊರರೋಗಿ ವಿಭಾಗದಲ್ಲಿ ಸೋಂಕು ನಿಯಂತ್ರಣದ ಹೊಣೆ ಹೊತ್ತ ನರ್ಸ್ ಆಗಿ ನಾನು ಅತಿ ಹೆಚ್ಚು ಕೇಳಿಸಿಕೊಂಡಿರುವ ಪ್ರಶ್ನೆ, ‘ಸಿಸ್ಟರ್, ಯಾವ ಮಾಸ್ಕ್ ಒಳ್ಳೆಯದು?’ ಎಂಬುದು. ಮಾಸ್ಕ್ ಇರುವುದು ಹಾಕಿಕೊಂಡವರ ರಕ್ಷಣೆಗೆ ಮಾತ್ರ ಎಂಬ ಎಣಿಕೆ ಈ ಪ್ರಶ್ನೆಯ ಹಿಂದಿರುತ್ತದೆ. ಆದರೆ ಕೆಮ್ಮುವವರು ಕಾಯುವ ಕೋಣೆಗೆ ಕಾಲಿಡುವ ಮೊದಲೇ ಅವರ ಮುಖದ ಮೇಲೆ ಸಾಧಾರಣ ಮಾಸ್ಕೊಂದು ಸರಿಯಾಗಿ ಕೂತಿದ್ದರೆ, ಅದರ ಪ್ರಯೋಜನ ಅಲ್ಲಿರುವ ಎಲ್ಲರಿಗೂ ಸಲ್ಲುತ್ತದೆ ಎಂಬುದು ಈ ಕೆಲಸದಲ್ಲಿ ನಾನು ಕಲಿತ ಪಾಠ.

ಕೆಮ್ಮು, ಸೀನಿನಿಂದ ಮಾತ್ರವಲ್ಲ, ಮಾತಿನಿಂದಲೂ ಬರಿಯ ಉಸಿರಿನಿಂದಲೂ ಕಣಗಳು ಹೊರಬೀಳುತ್ತವೆ. ಬಾಯಿಂದ ಹೊರಟಾಗ ತೇವದಿಂದ ದಪ್ಪಗಿರುವ ಅವು ಗಾಳಿಯಲ್ಲಿ ಬೇಗನೆ ಆರಿ ಕುಗ್ಗುತ್ತವೆ. ಹಗುರಾದವು ಬಹಳ ಹೊತ್ತು ತೇಲುತ್ತವೆ. ಹೀಗೆ ಕುಗ್ಗಿ ಚದುರಿದ ಮೇಲೆ ಹಿಡಿಯುವುದಕ್ಕಿಂತ ಹೊರಟಲ್ಲೇ ತಡೆಯುವುದು ಸುಲಭ. ದಕ್ಷಿಣ ಆಫ್ರಿಕಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಔಷಧಕ್ಕೆ ಜಗ್ಗದ ಕ್ಷಯವಿದ್ದವರ ವಾರ್ಡಿನ ಗಾಳಿಯನ್ನು, ಅವರು ಮಾಸ್ಕ್ ಧರಿಸಿದ ದಿನ ಒಂದು ಕೋಣೆಯ ಗಿನಿಪಿಗ್‌ಗಳಿಗೂ ಧರಿಸದ ದಿನ ಇನ್ನೊಂದು ಕೋಣೆಯವಕ್ಕೂ ಹಾಯಿಸಲಾಯಿತು. ಮಾಸ್ಕಿಲ್ಲದ ದಿನಗಳ ಗಾಳಿ ಕುಡಿದ 90 ಪ್ರಾಣಿಗಳಲ್ಲಿ 69ಕ್ಕೆ ಸೋಂಕು ತಗುಲಿತು. ಇನ್ನೊಂದು ಕೋಣೆಯ 90ರಲ್ಲಿ 36ಕ್ಕೆ. ರೋಗಿಗಳು ಧರಿಸಿದ್ದು ಸಾಧಾರಣ ಸರ್ಜಿಕಲ್ ಮಾಸ್ಕ್.

ನಮ್ಮಲ್ಲಿ ಮಾಸ್ಕಿನ ಪೆಟ್ಟಿಗೆ ಬಹುಕಾಲ ವೈದ್ಯರ ಕೋಣೆಯ ಬಾಗಿಲಲ್ಲಿತ್ತು. ಚೀಟಿ ಮಾಡಿಸಿ, ಬೆಂಚಿನ ಮೇಲೆ ಕೆಮ್ಮುತ್ತಾ ಕಾದು, ಹೆಸರು ಕೂಗಿದ ಮೇಲೆ ರೋಗಿ ಅದನ್ನು ತೆಗೆದುಕೊಳ್ಳುತ್ತಿದ್ದರು. ಅಂದರೆ ಕಿಕ್ಕಿರಿದ ಜಾಗದಲ್ಲಿ ಬರಿಮುಖ, ವೈದ್ಯರ ಎದುರಿಗೆ ಮಾಸ್ಕ್! ಪೆಟ್ಟಿಗೆ ನೋಂದಣಿ ಕೌಂಟರಿಗೆ ಬಂದ ಮೇಲೂ ಒಂದು ತೊಡಕು ಉಳಿಯಿತು. ಕೆಮ್ಮುವವರಿಗಷ್ಟೇ ಕೊಟ್ಟಾಗ ಅಕ್ಕಪಕ್ಕದವರು ಸರಿದು ಕೂರುತ್ತಿದ್ದರು, ಅವಮಾನವಾದಂತಾಗಿ ಅವರು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಳ್ಳುತ್ತಿದ್ದರು. ಜೊತೆಗೆ ಬಂದವರಿಗೂ ಸೇರಿ ಎಲ್ಲರಿಗೂ ಚೀಟಿಯೊಂದಿಗೇ ಕೊಡತೊಡಗಿದಾಗ ಆ ಮುಜುಗರ ಕಡಿಮೆಯಾಯಿತು. ಕೊಡುವ ಸಿಬ್ಬಂದಿ ತಾವೇ ಮೂಗು ಬಿಟ್ಟುಕೊಂಡು ಕೂತಿದ್ದರೆ ಮಾತ್ರ ಯಾರೂ ಕೇಳುವುದಿಲ್ಲ. ಗೋಡೆಯ ತುಂಬ ಅಂಟಿಸಿದ ಭಿತ್ತಿಪತ್ರಗಳೂ ಆಗ ನೆರವಿಗೆ ಬರುವುದಿಲ್ಲ.

ಕೋವಿಡ್ ಕಾಲದಲ್ಲಿ ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ನಡೆದ ಪ್ರಯೋಗದಲ್ಲೂ ಇಂಥದ್ದೇ ಕಂಡುಬಂದಿತು. ಉಚಿತವಾಗಿ ಮಾಸ್ಕ್ ಕೊಟ್ಟು, ಕಾರಣ ತಿಳಿಸಿ, ಜನ ಸೇರುವಲ್ಲಿ ಎದುರುನಿಂತು ನೆನಪಿಸಿ, ಊರಿನ ಹಿರಿಯರಿಂದಲೇ ಧರಿಸಿ ತೋರಿಸಿದಾಗ, ಸರಿಯಾಗಿ ಮಾಸ್ಕ್ ಹಾಕುವವರ ಪ್ರಮಾಣ ಸುಮಾರು ಶೇ. 13ರಿಂದ 42ಕ್ಕೆ ಏರಿತು. ಮೊಬೈಲ್ ಸಂದೇಶ, ಬಹುಮಾನಗಳಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ರೋಗಲಕ್ಷಣವಿದ್ದು ರಕ್ತಪರೀಕ್ಷೆಯಲ್ಲೂ ದೃಢಪಟ್ಟ ಪ್ರಕರಣಗಳು ಒಟ್ಟಾರೆ ಸುಮಾರು ಶೇ. 11ರಷ್ಟು, 60 ದಾಟಿದವರಲ್ಲಿ ಸುಮಾರು ಶೇ. 35ರಷ್ಟು ಇಳಿದವು. ಅರ್ಧಕ್ಕಿಂತ ಹೆಚ್ಚು ಜನ ಧರಿಸದೆಯೂ ದೊರೆತ ಫಲ ಇದು ಎಂಬುದನ್ನು ಮರೆತು ‘ಇಷ್ಟೇನಾ?’ ಎನ್ನುವುದು ನನಗೆ ನ್ಯಾಯವೆನಿಸುವುದಿಲ್ಲ.

ಡೆನ್ಮಾರ್ಕಿನ 2020ರ ಪ್ರಯೋಗದಲ್ಲಿ ಮಾಸ್ಕ್ ಧರಿಸಲು ಸೂಚಿಸಿದ ಗುಂಪಿನ ಶೇ. 1.8, ಇನ್ನೊಂದು ಗುಂಪಿನ ಶೇ. 2.1 ಮಂದಿಗೆ ಸೋಂಕು ತಗುಲಿತು. ಅಷ್ಟು ಚಿಕ್ಕ ಅಂತರದಿಂದ ಖಚಿತವಾಗಿ ಏನನ್ನೂ ಹೇಳಲಾಗದು. ಅಲ್ಲಿ ಅಳೆದದ್ದು ಧರಿಸಿದವರಿಗೆ ಸಿಕ್ಕ ರಕ್ಷಣೆಯನ್ನೇ ಹೊರತು ಅವರಿಂದ ಇತರರಿಗೆ ಹರಡುವುದನ್ನಲ್ಲ.

ಹಾಕಿಕೊಳ್ಳುವ ಬಗೆಯನ್ನು ನಾವು ಕೌಂಟರಿನಲ್ಲೇ ತೋರಿಸುತ್ತೇವೆ. ಬಣ್ಣದ ಮುಖ ಹೊರಕ್ಕೆ, ಮಡಿಕೆಗಳ ಬಾಯಿ ಕೆಳಕ್ಕೆ. ತಂತಿಯಿರುವ ಅಂಚನ್ನು ಮೂಗಿನ ಮೇಲಿಟ್ಟು ಎರಡೂ ತೋರುಬೆರಳುಗಳಿಂದ ನಡುವಿನಿಂದ ಕೆನ್ನೆಯತ್ತ ಒತ್ತಿಕೊಂಡು ಹೋಗಬೇಕು, ಆಮೇಲೆ ಮಡಿಕೆಗಳನ್ನು ಗದ್ದದ ಕೆಳಗಿನವರೆಗೆ ಎಳೆಯಬೇಕು. ಕನ್ನಡಕ ಮಬ್ಬಾಗುತ್ತಿದ್ದರೆ ಮೇಲಿನಿಂದ ಉಸಿರು ಸೋರುತ್ತಿದೆ ಎಂದೇ ಅರ್ಥ. ಎನ್95 ಮಾಸ್ಕ್ ಪರೀಕ್ಷೆಯಲ್ಲಿ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 95ರಷ್ಟನ್ನಾದರೂ ತಡೆಯಬೇಕು, ಗಡ್ಡದ ಮೇಲೆ ಸಡಿಲವಾಗಿ ಕೂತರೆ ಆ ಗುಣ ವ್ಯರ್ಥ. ಅದರ ಒಳಪದರದಲ್ಲಿ ಕಣಗಳನ್ನು ಸೆಳೆಯುವ ಸ್ಥಾಯೀ ವಿದ್ಯುತ್ತು ಇರುವುದರಿಂದ ಸೋಪಿನಲ್ಲಿ ತೊಳೆಯುವುದಾಗಲಿ ಸ್ಪಿರಿಟ್ ಸಿಂಪಡಿಸುವುದಾಗಲಿ ಕೂಡದು. ಉಸಿರು ಹೊರಬಿಡುವ ಕವಾಟವಿರುವ ಮಾಸ್ಕ್ ಧರಿಸಿ ಬಂದವರಿಗೆ, ಅದು ಎಷ್ಟೇ ದುಬಾರಿಯದ್ದಾಗಿರಲಿ, ಸರ್ಜಿಕಲ್ ಮಾಸ್ಕ್ ಕೊಟ್ಟು ಬದಲಿಸಲು ಹೇಳುತ್ತೇವೆ, ಏಕೆಂದರೆ ಅವರ ಉಸಿರು ಆ ಕವಾಟದಿಂದ ಸೋಸದೆಯೇ ಹೊರಗೆ ಬರುತ್ತದೆ.

ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ, ಏದುಸಿರು ಬಿಡುತ್ತಿರುವವರಿಗೆ ಮಾಸ್ಕಿನ ಒತ್ತಾಯವಿಲ್ಲ. ಅಂಥವರನ್ನು ಸರದಿಯಲ್ಲಿ ನಿಲ್ಲಿಸದೆ, ಕಿಟಕಿಗಳು ತೆರೆದಿರುವ ಪಕ್ಕದ ಕೋಣೆಗೆ ನೇರವಾಗಿ ಕಳುಹಿಸಿ, ವೈದ್ಯರನ್ನು ಅಲ್ಲಿಗೇ ಕರೆಸುತ್ತೇವೆ.