ಮುಚ್ಚಳ ತೆಗೆದು ಮಾಡಿದ 40 ಸೆಕೆಂಡಿನ ವಿಡಿಯೋ

ನಾನಿರುವುದು ಶಿವಮೊಗ್ಗದ ಸಾಗರ ರಸ್ತೆ ಕಡೆಯ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ. ಹಸಿ ಅಡಿಕೆ ಸುಲಿಯುವ ಯಂತ್ರ ಮಾಡುತ್ತೇವೆ. ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಹಾಕುವುದು ನನ್ನ ಕೆಲಸ. ಹೆಸರಿಗೆ ಅಷ್ಟೇ. ಏಳು ಜನರ ಜಾಗ ಅಂದಮೇಲೆ ಬಿಲ್ಲು, ಜಿಎಸ್‌ಟಿ, ಗಿರಾಕಿಗಳ ಫೋನು ಎಲ್ಲ ನನ್ನ ತಲೆಗೇ. ಯೂಟ್ಯೂಬ್‌ಗೆ ವಿಡಿಯೋ ಹಾಕುವುದೂ ನಾನೇ, ಎಡವಟ್ಟು ಆಗಿದ್ದೂ ಅಲ್ಲೇ.

ಅಡಿಕೆ ಸುಲಿಯುವ ಯಂತ್ರದ ಕಷ್ಟ ಗೊತ್ತಲ್ವಾ? ಒಂದೇ ಗೊನೆಯ ಕಾಯಿ ಕೂಡ ಒಂದೇ ಸೈಜ್ ಇರುವುದಿಲ್ಲ. ಬ್ಲೇಡು ಬಿಗಿಯಾದರೆ ಒಳಗಿನ ಅಡಿಕೆಗೆ ಗಾಯ. ಸಡಿಲವಾದರೆ ಸಿಪ್ಪೆ ಅರ್ಧ ಹಾಗೇ ಉಳಿಯುತ್ತದೆ, ಆಮೇಲೆ ಮೆಟ್ಟುಗತ್ತಿ ಮುಂದೆ ಕೂತು ಮತ್ತೆ ಸುಲಿಯಬೇಕು. ನಮ್ಮಲ್ಲಿ ಲೇತ್ ನೋಡಿಕೊಳ್ಳುವ ಹಿರಿಯರೊಬ್ಬರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಬ್ಲೇಡನ್ನು ಒಂದು ಗಿಡ್ಡ ತೋಳಿನ ಮೇಲೆ ಕೂರಿಸಿದರು. ದಪ್ಪ ಕಾಯಿ ಬಂದರೆ ತೋಳು ತಾನೇ ಹಿಂದೆ ಸರಿಯುತ್ತದೆ, ಸಣ್ಣದು ಬಂದರೆ ಮುಂದೆ ಬರುತ್ತದೆ. ನೋಡುತ್ತಾ ನಿಲ್ಲುವ ಹಾಗಿತ್ತು. ನಾನು ನಿಂತೆ, ಫೋನ್ ತೆಗೆದೆ, ಮುಚ್ಚಳ ಬಿಚ್ಚಿಸಿ ಹತ್ತಿರದಿಂದ 40 ಸೆಕೆಂಡು ವಿಡಿಯೋ ಮಾಡಿ ಹಾಕಿಬಿಟ್ಟೆ. ಮುಂದಿನ ವಾರ ಒಂದು ಕೃಷಿ ಮೇಳದಲ್ಲೂ ಮುಚ್ಚಳ ತೆಗೆದೇ ಓಡಿಸಿದೆವು.

ಐದು ತಿಂಗಳಾದ ಮೇಲೆ ಓನರ್‌ಗೆ ಪೇಟೆಂಟ್ ನೆನಪಾಯಿತು. "ಮಾಡಿಸಿಬಿಡಾಣ ಮಾರಾಯ್ತಿ, ಯಾರಾದ್ರೂ ಕಾಪಿ ಹೊಡೆದ್ರೆ ಎಂತ ಮಾಡದು?" ಅಂದರು. ಬೆಂಗಳೂರಿನ ಪೇಟೆಂಟ್ ಏಜೆಂಟರಿಗೆ ಫೋನ್ ಮಾಡಿದೆ. ಅವರು ಯಂತ್ರದ ಬಗ್ಗೆ ಏನೂ ಕೇಳಲಿಲ್ಲ. ಮೊದಲ ಪ್ರಶ್ನೆಯೇ, "ಇದನ್ನ ಈವರೆಗೆ ಯಾರಿಗಾದರೂ ತೋರಿಸಿದ್ದೀರಾ ಮೇಡಂ?"

ಪೇಟೆಂಟ್ ಸಿಗುವುದು ಹೊಸದಕ್ಕೆ ಮಾತ್ರ. ಅರ್ಜಿ ಹಾಕುವ ದಿನಕ್ಕೆ ಅದು ಹೊರಗೆ ಗೊತ್ತಿರಬಾರದು. ಬೇರೆಯವರು ಹೊರಗೆ ಬಿಟ್ಟರೆ ಮಾತ್ರ ತೊಂದರೆ ಅಂತ ನಾನು ಅಂದುಕೊಂಡಿದ್ದೆ. ನಾವೇ ತೋರಿಸಿದರೂ ಲೆಕ್ಕಕ್ಕೆ ಬರುತ್ತದಂತೆ. ತೋರಿಸಿದ ಮೇಲೂ 12 ತಿಂಗಳೊಳಗೆ ಅರ್ಜಿ ಹಾಕಬಹುದು ಅನ್ನುವ ರಿಯಾಯಿತಿ ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಇದೆ, ಆದರೆ ಬಾಗಿಲು ಬಹಳ ಕಿರಿದು. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನದಲ್ಲಿ ಇಟ್ಟಿದ್ದರೆ, ಅಥವಾ ವಿದ್ವಾಂಸರ ಸಂಘದಲ್ಲಿ ಪ್ರಬಂಧ ಓದಿದ್ದರೆ, ಅಂಥವಕ್ಕೆ. ನಾವು ಹೋದ ಮೇಳ ಆ ಪಟ್ಟಿಯಲ್ಲಿ ಇರಲಿಲ್ಲ. ಯೂಟ್ಯೂಬ್ ವಿಡಿಯೋ ಅಂತೂ ಯಾವ ಪ್ರಬಂಧವೂ ಅಲ್ಲ. ಯುರೋಪಿನಲ್ಲಿ ಇನ್ನೂ ಬಿಗಿ, ಆರೇ ತಿಂಗಳು, ಅದೂ ನಂಬಿಸಿ ಮೋಸ ಮಾಡಿ ಯಾರೋ ಹೊರಗೆ ಬಿಟ್ಟಿದ್ದರೆ ಅಥವಾ ಮಾನ್ಯತೆ ಇರುವ ಅಂತರರಾಷ್ಟ್ರೀಯ ಪ್ರದರ್ಶನ ಆಗಿದ್ದರೆ ಮಾತ್ರ.

ಆದರೆ ಅಮೆರಿಕದಲ್ಲಿ? ಸಂಶೋಧಕರೇ ತೋರಿಸಿದ್ದಾದರೆ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಜಪಾನ್‌ನಲ್ಲೂ ಹಾಗೇ, ಅಲ್ಲಿ ಮೊದಲು ಆರು ತಿಂಗಳು ಇದ್ದದ್ದನ್ನು 2018ರಲ್ಲಿ ಒಂದು ವರ್ಷ ಮಾಡಿದ್ದಾರೆ. ಅಂದರೆ ನಮ್ಮ ತೋಳಿಗೆ ಇನ್ನೂ ದಾರಿ ಇದ್ದದ್ದು ಅಡಿಕೆ ತೋಟವೇ ಇಲ್ಲದ ಕಡೆ. ಇದನ್ನು ಓನರ್‌ಗೆ ಹೇಳಿದಾಗ ಅವರು ಬಾಯಲ್ಲಿದ್ದ ಕವಳ ಉಗಿದು ಬಂದು, "ಜಪಾನಿನವ್ರು ಅಡಿಕೆ ತಿನ್ತಾರಾ?" ಅಂತ ಕೇಳಿದರು. ನಗುವ ಧೈರ್ಯ ನನಗೆ ಬರಲಿಲ್ಲ.

ಇಡೀ ಜಗತ್ತಿಗೆ ಒಂದೇ ಪೇಟೆಂಟ್ ಅನ್ನುವುದೂ ಇಲ್ಲ. ನಾನು ಇದೆ ಅಂದುಕೊಂಡಿದ್ದೆ. ಪಿಸಿಟಿ, ಅಂದರೆ ಪೇಟೆಂಟ್ ಸಹಕಾರ ಒಪ್ಪಂದ ಅಂತ ಒಂದಿದೆ, ಭಾರತ 1998ರಲ್ಲಿ ಸೇರಿತು, ಆದರೆ ಅದರಲ್ಲಿ ಅರ್ಜಿ ಒಂದೇ, ಪೇಟೆಂಟ್ ಕೊಡುವವರು ಆಯಾ ದೇಶದವರೇ. ಶ್ರೀಲಂಕಾದಲ್ಲಿ ಬೇಕಿದ್ದರೆ ಶ್ರೀಲಂಕಾದಲ್ಲೇ ತೆಗೆಯಬೇಕು. ಅವಧಿ ಮಾತ್ರ ಎಲ್ಲ ಕಡೆ ಸುಮಾರು ಒಂದೇ, ಅರ್ಜಿ ಹಾಕಿದ ದಿನದಿಂದ 20 ವರ್ಷ.

ಕಾಪಿರೈಟ್ ಕಥೆಯೇ ಬೇರೆ. ಅದೂ ಒಂದು ಜಗಳದಿಂದಲೇ ಗೊತ್ತಾಗಿದ್ದು. ಯಂತ್ರದ ಜೊತೆ ನಾವು 12 ಪುಟದ ಒಂದು ಪುಸ್ತಿಕೆ ಕೊಡುತ್ತೇವೆ, ಬರೆದದ್ದು ನಾನು. ಬೇರೆ ಊರಿನ ಒಬ್ಬರ ಯಂತ್ರದ ಜೊತೆ ಬಂದ ಪುಸ್ತಿಕೆಯನ್ನು ಗಿರಾಕಿಯೊಬ್ಬರು ತಂದು ತೋರಿಸಿದರು. ಏಳನೇ ಪುಟದಲ್ಲಿ ನಾನು "ಸ್ಪ್ರಿಂಗ್" ಬದಲು "ಸ್ಪಿಂಗ್" ಅಂತ ಟೈಪ್ ಮಾಡಿದ್ದೆ. ಅವರದ್ದರಲ್ಲೂ ಏಳನೇ ಪುಟದಲ್ಲಿ "ಸ್ಪಿಂಗ್". ಇಲ್ಲಿ ನಮ್ಮ ಕೈ ಮೇಲೆ. ಕಾಪಿರೈಟ್‌ಗೆ ಅರ್ಜಿ ಬೇಡ, ಶುಲ್ಕ ಬೇಡ, ಬರೆದ ಕೂಡಲೇ ಬರುತ್ತದೆ. 1886ರ ಬರ್ನ್ ಒಪ್ಪಂದದಲ್ಲಿ ಭಾರತ, ಶ್ರೀಲಂಕಾ, ಇಂಡೋನೇಷ್ಯಾ ಎಲ್ಲ ಇರುವುದರಿಂದ ಅಲ್ಲೂ ತಾನಾಗಿಯೇ ಇರುತ್ತದೆ. ಅವಧಿ ಮಾತ್ರ ದೇಶಕ್ಕೊಂದು ಥರ: ಒಪ್ಪಂದದ ಪ್ರಕಾರ ಬರೆದವರು ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ, ನಮ್ಮಲ್ಲಿ 60, ಅಮೆರಿಕ, ಯುರೋಪಿನಲ್ಲಿ 70. ನಮ್ಮಲ್ಲೂ 50 ಇತ್ತು. ಟ್ಯಾಗೋರರ ಕೃತಿಗಳ ಅವಧಿ ಮುಗಿದ ಹೊತ್ತಿಗೆ, 1992ರಲ್ಲಿ, ಹತ್ತು ವರ್ಷ ಏರಿಸಿದರು. ನನ್ನ ಸ್ಪಿಂಗ್‌ಗೂ ಅಷ್ಟೇ ಆಯಸ್ಸು! ಆದರೆ ನೌಕರಿಯಲ್ಲಿ ಬರೆದದ್ದಾದ್ದರಿಂದ ಹಕ್ಕು ನನ್ನದಲ್ಲ, ಓನರ್‌ದು.

ಓನರ್ ಖುಷಿಯಾಗಿ, "ಹಂಗಾದ್ರೆ ಯಂತ್ರಕ್ಕೂ ಕಾಪಿರೈಟೇ ಸಾಕಲ್ಲ" ಅಂದರು. ಸಾಕಾಗುವುದಿಲ್ಲ. ಪುಸ್ತಿಕೆ ನಕಲು ಮಾಡಬಾರದು ಅಷ್ಟೇ, ಅದನ್ನು ಓದಿ ಉಪಾಯ ತಿಳಿದುಕೊಂಡು ಯಂತ್ರ ಮಾಡಿದರೆ ಕಾಪಿರೈಟ್ ತಡೆಯುವುದಿಲ್ಲ. ಯಂತ್ರದ ಹೊರ ಆಕಾರಕ್ಕೆ ಡಿಸೈನ್ ನೋಂದಣಿ ಅಂತ ಬೇರೆಯೇ ಇದೆ. ಅದನ್ನು ಮಾಡಿಸದೆ ಅದೇ ಡಿಸೈನಿನ ಮಾಲು 50ಕ್ಕಿಂತ ಜಾಸ್ತಿ ತಯಾರು ಮಾಡಿದರೆ, ನಮ್ಮ ಕಾನೂನಿನಲ್ಲಿ ಆ ಡಿಸೈನಿನ ಮೇಲಿನ ಕಾಪಿರೈಟ್ ಕೂಡ ಹೋಗುತ್ತದೆ. ನಾವು ಅಷ್ಟೊತ್ತಿಗೆ ಎಂಬತ್ತು ದಾಟಿದ್ದೆವು.

ಪೂರ್ತಿ ಮುಳುಗಲಿಲ್ಲ. ವಿಡಿಯೋ ಹಾಕಿದ ಮೇಲೆ ಹಿರಿಯರು ತೋಳಿನ ಹಿಂದೆ ಇನ್ನೊಂದು ತಿರುಪು ಸೇರಿಸಿದ್ದರು. ಒಂದು ತೋಟದ ಕಾಯಿ ಮುಗಿದು ಇನ್ನೊಂದು ತೋಟದ್ದು ಬಂದಾಗ ಯಂತ್ರ ನಿಲ್ಲಿಸದೆ ಬಿಗಿ ಬದಲಿಸಲು. ಅದು ಎಲ್ಲೂ ಹೊರಗೆ ಬಂದಿರಲಿಲ್ಲ. ಅದಕ್ಕೆ ಅದೇ ವಾರ ತಾತ್ಕಾಲಿಕ ಅರ್ಜಿ ಹಾಕಿಸಿದೆವು, ಸಣ್ಣ ಉದ್ದಿಮೆಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ, ಏಜೆಂಟರ ಫೀ ಬೇರೆ. ಪೂರ್ತಿ ಅರ್ಜಿಗೂ ಬೇರೆ ದೇಶಗಳಿಗೂ ಅಲ್ಲಿಂದ 12 ತಿಂಗಳು ಸಮಯ. ಶ್ರೀಲಂಕಾದ ಒಬ್ಬ ಗಿರಾಕಿ "ಡ್ರಾಯಿಂಗ್ ಕಳಿಸಿ, ನಾನೇ ಇಲ್ಲಿ ಅರ್ಜಿ ಹಾಕ್ತೀನಿ" ಅಂದಿದ್ದರು. ಏಜೆಂಟರು ಕೂಡಲೇ ತಡೆದರು. ಇಲ್ಲಿರುವವರು ಮೊದಲು ಭಾರತದಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲದಿದ್ದರೆ ಮೊದಲೇ ಪೇಟೆಂಟ್ ಕಚೇರಿಯ ಅನುಮತಿ ಪಡೆಯಬೇಕಂತೆ. ತಪ್ಪಿದರೆ ಜೈಲಿನವರೆಗೂ ಹೋಗಬಹುದು. ಒಂದು ತಿರುಪಿಗೆ!

ಈಗ ಹೊಸದೇನಾದರೂ ಮಾಡಿದರೆ ಹಿರಿಯರು ಮೊದಲು ನನ್ನ ಫೋನ್ ಎಲ್ಲಿದೆ ಅಂತ ನೋಡುತ್ತಾರೆ. ಆ ಹಳೇ ವಿಡಿಯೋ ಅಳಿಸಲಿಲ್ಲ, ಒಮ್ಮೆ ಹೊರಗೆ ಹೋದದ್ದು ಹೋಯಿತು. ಮೊನ್ನೆ ಶಿರಸಿ ಕಡೆಯವರೊಬ್ಬರು ಅದನ್ನೇ ನೋಡಿ ಎರಡು ಯಂತ್ರಕ್ಕೆ ಅಡ್ವಾನ್ಸ್ ಕಳಿಸಿದ್ದಾರೆ.