ವೋಲ್ಟೇಜ್ ಕಮ್ಮಿ ಆದ್ರೆ ಮೋಟ್ರು ಯಾಕವ್ವ ಸುಡ್ತದೆ?

"ವೋಲ್ಟೇಜ್ ಕಮ್ಮಿ ಇದ್ರೆ ಕರೆಂಟೂ ಕಮ್ಮಿ ತಾನೆ ಹರಿಯೋದು? ಕಮ್ಮಿ ಹರಿದ್ರೆ ಕಾಯಿಲ್ ತಣ್ಣಗಿರ್ಬೇಕು. ಮತ್ಯಾಕ್ ಸುಡ್ತು?"

ಈ ವಾರ ಮಂಡ್ಯದ ವೈಂಡಿಂಗ್ ಅಂಗಡಿಯೊಂದರಲ್ಲಿ ಒಬ್ಬ ತಾತ ಕೇಳಿದ ಪ್ರಶ್ನೆ ಇದು. ಮಳವಳ್ಳಿ ಕಡೆಯವರು. ಐದು ಎಚ್‌ಪಿ ಮೋಟರನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬಂದಿದ್ದರು. ನಾನು ಮಿಕ್ಸಿ ರಿಪೇರಿಗೆ ಕೊಟ್ಟು ಕಾಯುತ್ತಾ ಕೂತಿದ್ದೆ. ಬಿಚ್ಚಿದ ಮೋಟರಿನೊಳಗೆ ತಂತಿಯೆಲ್ಲ ಇದ್ದಿಲಿನಂತೆ ಕಪ್ಪಾಗಿತ್ತು, ತಂತಿಗೆ ಬಳಿದ ವಾರ್ನಿಷ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಅಂಗಡಿಯವರು ತಲೆ ಎತ್ತದೆ, "ಯಜಮಾನ್ರೇ, ಆ ಲೆಕ್ಕ ಎಲ್ಲಾ ನಿಮ್ಗ್ಯಾಕೆ ಬುಡಿ. ಲೋ ವೋಲ್ಟೇಜು, ಸುಟ್ಟೋಯ್ತು" ಅಂದರು.

ಒಳ್ಳೆ ಕೆಲಸಗಾರ ಆತ. ಆದರೆ ಆ "ನಿಮ್ಗ್ಯಾಕೆ" ನನಗೆ ಚುಚ್ಚಿತು. ನಾನು ಹತ್ತನೇ ತರಗತಿಗೆ ಓಮನ ನಿಯಮ ಪಾಠ ಮಾಡುವವಳು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ ಅಂತ ಬೋರ್ಡ್ ತುಂಬ ಬರೆಸುತ್ತೇನೆ. ಮಕ್ಕಳು ಉತ್ತರ ತೆಗೆದು, ಕೆಳಗೆ ಎರಡು ಗೆರೆ ಎಳೆದು ಸುಮ್ಮನಾಗುತ್ತಾರೆ. "ಹಾಗಾದ್ರೆ ಇದು ಯಾಕೆ ಹೀಗೆ" ಅಂತ ಯಾರೂ ಕೇಳಿಲ್ಲ. ತಾತ ಕೇಳಿದರು, ಅದೂ ಕಬ್ಬು ಒಣಗುತ್ತಿರುವ ಹೊತ್ತಲ್ಲಿ.

ತಾತನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ನೀರು ಕಾಯಿಸುವ ಹೀಟರ್ ತಗೊಳ್ಳಿ. 230 ವೋಲ್ಟ್‌ಗೆ 2000 ವ್ಯಾಟ್‌ನದ್ದಾದರೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ರೋಧ 26 ಓಮ್ ಚಿಲ್ಲರೆ. ವೋಲ್ಟೇಜ್ 180ಕ್ಕೆ ಇಳಿದರೆ ಕರೆಂಟ್ 6.8ಕ್ಕೆ, ಸಾಮರ್ಥ್ಯ 1225 ವ್ಯಾಟ್‌ಗೆ ಬರುತ್ತದೆ. ನೀರು ತಡವಾಗಿ ಕಾಯುತ್ತದೆ ಅಷ್ಟೆ, ಹೀಟರ್‌ಗೆ ಏನೂ ಆಗಲ್ಲ. ಇದನ್ನು ಹೇಳಿದಾಗ ತಾತ, "ಅದೇ ಕನವ್ವ ನಾನೂ ಕೇಳ್ತಿರೋದು" ಅಂತ ಬೆಂಚಿನ ಮೇಲೆ ನನ್ನ ಕಡೆಗೆ ತಿರುಗಿ ಕೂತರು.

ಮುಂದಿನದ್ದನ್ನು ನಾನು ವಿವರಿಸಬೇಕಾಗಿ ಬರಲಿಲ್ಲ. ಅಂಗಡಿಯ ಹುಡುಗ, ಐಟಿಐ ಓದುತ್ತಿದ್ದಾನಂತೆ, ಹೊಸದಾಗಿ ಸುತ್ತಿದ ಒಂದು ಸಣ್ಣ ಮೋಟರನ್ನು ಟೆಸ್ಟಿಗೆ ಇಟ್ಟಿದ್ದ. ವೈರಿಗೆ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಸಿಕ್ಕಿಸಿ, "ತಾತ, ಇಲ್ಲಿ ನೋಡಿ" ಅಂದ. ಮೂರು ಆಂಪಿಯರ್ ಚಿಲ್ಲರೆ. ಒಂದು ಮರದ ಪಟ್ಟಿ ತಗೊಂಡು ತಿರುಗುತ್ತಿದ್ದ ಪುಲ್ಲಿಗೆ ಒತ್ತಿ ಹಿಡಿದ. ಮೋಟರಿನ ಸದ್ದು ದಪ್ಪಗಾಯಿತು, ಅಂಕಿ ಏರುತ್ತಾ ಏರುತ್ತಾ ಐದು ದಾಟಿತು. ಪಟ್ಟಿ ತೆಗೆದ, ಇಳಿಯಿತು. ಮತ್ತೆ ಒತ್ತಿದ. ತಾತ ಮೀಟರಿಗೆ ಮುಖ ತಾಗಿಸುವಷ್ಟು ಬಗ್ಗಿದ್ದರು. "ಅಂದ್ರೆ ಇದು ಕೆಲ್ಸ ನೋಡ್ಕೊಂಡು ಎಳೀತದೆ!"

ಹೌದು. ಕಾಯಿಲಿನ ತಂತಿಯ ರೋಧ ತೀರಾ ಕಮ್ಮಿ. ಅದನ್ನಷ್ಟೇ ನೋಡಿದರೆ ಮೋಟರ್ ಭಾರೀ ಕರೆಂಟ್ ನುಂಗಬೇಕು. ತಿರುಗುತ್ತಿರುವ ಮೋಟರಿನ ಕಾಯಿಲಿನಲ್ಲೇ ಎದುರು ವೋಲ್ಟೇಜ್ ಹುಟ್ಟಿ ಕರೆಂಟನ್ನು ತಡೆಯುವುದರಿಂದ ಐದು ಎಚ್‌ಪಿ ಮೋಟರ್ 415 ವೋಲ್ಟ್‌ನಲ್ಲಿ ಏಳೂವರೆ ಆಂಪಿಯರ್ ಆಸುಪಾಸಿನಲ್ಲಿ ಓಡುತ್ತದೆ. ವೋಲ್ಟೇಜ್ 320ಕ್ಕೆ ಬಿತ್ತು ಅನ್ನಿ. ಎತ್ತಬೇಕಾದ ನೀರು ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇರುತ್ತದಲ್ಲ, ವೋಲ್ಟ್‌ನಲ್ಲಿ ಕಳೆದದ್ದನ್ನು ಆಂಪಿಯರ್‌ನಲ್ಲಿ ತುಂಬಿಕೊಳ್ಳುತ್ತದೆ. ಹತ್ತಿರ ಹತ್ತಿರ 9.7. ಕಾಯಿಲಿನ ಶಾಖ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಒಂದೂ ಮುಕ್ಕಾಲು ಪಟ್ಟಿನ ಹತ್ತಿರ. ಗಂಟೆಗಟ್ಟಲೆ ಹಾಗೆ ಓಡಿದರೆ ವಾರ್ನಿಷ್ ತಡೆಯಲ್ಲ.

ಹಾಗಾದರೆ ವೋಲ್ಟೇಜ್ ಬೀಳುವುದಾದರೂ ಯಾಕೆ? ಅಲ್ಲಿ ತಾತನ ಲೆಕ್ಕವೇ, ಅಂದರೆ ಓಮನ ನಿಯಮವೇ, ಸರಿಹೊಂದುತ್ತದೆ. ಟೀಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ, ಹೊಲದವರೆಗಿನ ತಂತಿಗೆ ಅರ್ಧ ಓಮ್ ರೋಧ ಅಂದುಕೊಳ್ಳಿ. ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್‌ಗಳು ಹತ್ತು ಮೋಟರನ್ನು ಒಟ್ಟಿಗೆ ಎಬ್ಬಿಸುತ್ತವೆ. ಓಡುವಾಗಿನ ಕರೆಂಟೇ ಎಪ್ಪತ್ತೈದು ಆಂಪಿಯರ್, ಫೇಸಿಗೆ ಸುಮಾರು 37 ವೋಲ್ಟ್ ತಂತಿಯಲ್ಲೇ ಹೋಯಿತು. ವೋಲ್ಟೇಜ್ ಬಿತ್ತು ಅಂತ ಮೋಟರುಗಳು ಇನ್ನಷ್ಟು ಎಳೆಯುತ್ತವೆ, ಎಳೆದಷ್ಟೂ ಇನ್ನಷ್ಟು ಬೀಳುತ್ತದೆ. ಲೈನಿನ ಕೊನೆಯಲ್ಲಿರುವವನ ಮೋಟರ್ ಮೊದಲು ಸುಡುತ್ತದೆ. ರೈತರು ಓವರ್‌ಲೋಡ್ ಮಾಡುತ್ತಾರೆ ಅಂತ ಒಂದೇ ಮಾತಲ್ಲಿ ಮುಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಂತಿ ದಪ್ಪ ಮಾಡುವುದು, ಟೀಸಿಯನ್ನು ಹತ್ತಿರ ತರುವುದು ರೈತನ ಕೈಲಿದೆಯೆ?

ತಾತನ ಮಳವಳ್ಳಿ ತಾಲ್ಲೂಕಿನದೇ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, ನೂರ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ, ಕರೆಂಟ್ ಕಳಿಸಿದರು. ಅಷ್ಟು ದೂರ ಮುಟ್ಟಿದ್ದು ವೋಲ್ಟೇಜನ್ನು ಸಾವಿರಾರು ವೋಲ್ಟ್‌ಗೆ ಏರಿಸಿದ್ದರಿಂದ. ವೋಲ್ಟೇಜ್ ಎರಡರಷ್ಟಾದರೆ ಅದೇ ಸಾಮರ್ಥ್ಯಕ್ಕೆ ಕರೆಂಟ್ ಅರ್ಧ ಸಾಕು, ತಂತಿಯಲ್ಲಿ ಸೋರಿ ಹೋಗುವುದು ಕಾಲು ಭಾಗ. ನೂರಿಪ್ಪತ್ತು ವರ್ಷದ ಹಿಂದೆಯೇ ಈ ನೆಲದಲ್ಲಿ ಮಾಡಿ ತೋರಿಸಿದ ಲೆಕ್ಕ. ಅದೇ ಸೀಮೆಯ ರೈತನಿಗೆ "ಲೆಕ್ಕ ನಿಮ್ಗ್ಯಾಕೆ" ಅಂದರೆ ಹೇಗೆ?

ಎದ್ದು ಹೊರಡುವಾಗ ತಾತ ಇನ್ನೊಂದು ಕೇಳಿದರು. "ಹಂಗಾರೆ ನಂದೊಂದು ನಿಲ್ಸುದ್ರೆ ಪಕ್ಕದ ಹೊಲದೋರ್ ಮೋಟ್ರು ಉಳೀತದಾ?"

ಒಂದು ನಿಲ್ಲಿಸಿದರೆ ಫೇಸಿಗೆ ನಾಲ್ಕು ವೋಲ್ಟ್ ಉಳಿಯಬಹುದು, ಸಾಲದು ಅಂದೆ. ಐದೈದು ಮೋಟರ್ ಸರದಿ ಮೇಲೆ ಓಡಿಸಿದರೆ ತಂತಿಯಲ್ಲಿ ಹೋಗುವುದು ಅರ್ಧಕ್ಕಿಂತ ಕಮ್ಮಿಯಾಗುತ್ತದೆ, ತಂತಿಯಲ್ಲಿ ಹರಿಯುವ ಕರೆಂಟನ್ನು ಇಳಿಸುವ ಕೆಪಾಸಿಟರನ್ನು ಎಲ್ಲರೂ ಹಾಕಿಸಿದರೆ ಇನ್ನೂ ಒಳ್ಳೆಯದು. ಹುಡುಗ ಬಿಲ್ಲಿನ ಹಿಂದೆ ಇದನ್ನೆಲ್ಲ ಬರೆದುಕೊಟ್ಟ. ಪಕ್ಕದವರು ಒಪ್ಪೋದು ಕಷ್ಟ, ಆದ್ರೂ ಕೇಳ್ತೀನಿ ಅಂದರು ತಾತ.